ಸೈಕಲ್ಲಿಗೆ ಎಂಜಿನ್ ಕೂಡಿಸಿದ ಕತೆ

ಹಳೆಯ ಲೂನಾ ನಿಮಗೆ ನೆನಪಿದೆಯೆ? ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಮನೆ ಮನೆಗೆ ಹಾಲು ಹಾಕುವವರು, ಟೈಪಿಂಗ್ ಕ್ಲಾಸಿಗೆ ಹೋಗುವ ಹುಡುಗಿಯರು - ಹೀಗೆ ಬಗೆಬಗೆಯ ಜನರನ್ನು ಹೊತ್ತು ತಿರುಗಿದ ಗಾಡಿ ಅದು. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನಾಲ್ಕು ಸಲ ಪೆಡಲ್ ತುಳಿದರೆ ಎಂಜಿನ್ ಶುರುವಾಗುತ್ತಿತ್ತು. ಏರು ಬಂದು ಗಾಡಿ ಏದುಸಿರು ಬಿಡತೊಡಗಿದರೆ ಸವಾರರೂ ತುಳಿದು ಒಂದಿಷ್ಟು ಸಹಾಯ ಮಾಡುತ್ತಿದ್ದರು. ನಡುದಾರಿಯಲ್ಲಿ ಪೆಟ್ರೋಲ್ ಮುಗಿದರೆ ಅದೇ ಪೆಡಲ್ ತುಳಿಯುತ್ತ ಬಂಕಿನವರೆಗೆ ಹೋಗುವ ಧೈರ್ಯವಿತ್ತು.

ಎಂಜಿನ್ ಇರುವ ಗಾಡಿಗೆ ಪೆಡಲ್ ಏಕೆ ಬೇಕಿತ್ತು? ಉತ್ತರ ಸರಳ. ಈ ಗಾಡಿಯ ಪೂರ್ವಜ ಸೈಕಲ್ಲೇ. ‘ಮೊಪೆಡ್’ ಎಂಬ ಹೆಸರು ಕೂಡ ‘ಮೋಟಾರ್’ ಮತ್ತು ‘ಪೆಡಲ್’ ಎಂಬ ಎರಡು ಪದಗಳ ತುದಿ ಕತ್ತರಿಸಿ ಸ್ವೀಡನ್ನಿನಲ್ಲಿ ಅಂಟಿಸಿದ್ದು. ಇಂದು ಜಗತ್ತಿನ ಬೀದಿಗಳಲ್ಲಿ ಓಡುವ ಕೋಟ್ಯಂತರ ದ್ವಿಚಕ್ರ ವಾಹನಗಳ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ, ಕೊನೆಗೆ ಸಿಗುವುದು ಯಾರೋ ಒಬ್ಬ ಕುಶಲಿ ತನ್ನ ಶೆಡ್ಡಿನಲ್ಲಿ ಕುಳಿತು ಮಾಮೂಲಿ ಸೈಕಲ್ಲಿಗೆ ಪುಟ್ಟದೊಂದು ಎಂಜಿನ್ ಕಟ್ಟಲು ಹೆಣಗುತ್ತಿರುವ ದೃಶ್ಯ. ಆ ಹೆಣಗಾಟದ ಅತ್ಯಂತ ಪ್ರಸಿದ್ಧ ಅಧ್ಯಾಯ ನಡೆದದ್ದು 1946ರಲ್ಲಿ, ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ.

ಮೊದಲು ಎಡವಿದವರು

ಜಪಾನಿಗೆ ಹೋಗುವ ಮುನ್ನ, ಈ ಕೆಲಸ ಏಕೆ ಅಷ್ಟು ಸುಲಭವಲ್ಲ ಎಂಬುದನ್ನು ಯುರೋಪಿನಲ್ಲಿ ನೋಡಿ ಬರಬೇಕು. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬಾಕ್ ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಯೊಂದಕ್ಕೆ ಅರ್ಧ ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಕೂರಿಸಿದರು. ಅವರಿಗೆ ಬೇಕಿದ್ದುದು ಎಂಜಿನ್ನಿನ ಪರೀಕ್ಷೆ. ಗಾಡಿ ಅದಕ್ಕೊಂದು ನೆಪ. ಗಾಡಿ ಉರುಳದಿರಲೆಂದು ಅಕ್ಕಪಕ್ಕದಲ್ಲಿ ಎರಡು ಪುಟ್ಟ ಚಕ್ರಗಳನ್ನೂ ಸೇರಿಸಿದ್ದರು.

1897ರಲ್ಲಿ ಪ್ಯಾರಿಸ್ಸಿನಲ್ಲಿದ್ದ ವರ್ನರ್ ಸೋದರರು ನಿಜವಾದ ಸೈಕಲ್ಲಿಗೇ ಕೈಹಾಕಿದರು. ಹ್ಯಾಂಡಲ್ಲಿನ ಮುಂದೆ, ಮುಂಚಕ್ರದ ಮೇಲೆ ಎಂಜಿನ್ ಕೂರಿಸಿ ಬೆಲ್ಟಿನಿಂದ ಮುಂಚಕ್ರವನ್ನೇ ತಿರುಗಿಸಿದರು. ‘ಮೋಟೋಸಿಕ್ಲೆಟ್’ ಎಂದು ಅದಕ್ಕೆ ಹೆಸರಿಟ್ಟರು. ಜನ ಮುಗಿಬಿದ್ದು ಕೊಂಡರು. ಆದರೆ ಭಾರವೆಲ್ಲ ಎತ್ತರದಲ್ಲಿ, ಅದೂ ತಿರುಗುವ ಹ್ಯಾಂಡಲ್ಲಿನ ಮೇಲೆ! ಒದ್ದೆ ರಸ್ತೆಯಲ್ಲಿ ಗಾಡಿ ಜಾರಿ ಬೀಳುತ್ತಿತ್ತು. ಆ ಎಂಜಿನ್ನಿನಲ್ಲಿ ಇಂಧನ ಹೊತ್ತಿಸಲು ಉರಿಯುವ ದೀಪವೊಂದಿತ್ತು. ಬಿದ್ದ ಗಾಡಿಗೆ ಬೆಂಕಿ ಹತ್ತಿಕೊಳ್ಳುವ ಅಪಾಯವೂ ಇತ್ತು.

ಸೋದರರು ಪಾಠ ಕಲಿತರು. 1901ರ ಹೊಸ ಮಾದರಿಯಲ್ಲಿ ಎಂಜಿನ್ ಕೆಳಗಿಳಿದು, ಎರಡು ಚಕ್ರಗಳ ನಡುವೆ, ಸೈಕಲ್ಲಿನಲ್ಲಿ ಪೆಡಲ್ ಇರುವ ಜಾಗದ ಬಳಿ ಬಂದು ಕುಳಿತಿತು. ಇಂದಿಗೂ ಬಹುತೇಕ ಮೋಟಾರ್ ಸೈಕಲ್ಲುಗಳ ಎಂಜಿನ್ ಇರುವುದು ಅಲ್ಲಿಯೇ.

ಅದೇ ವರ್ಷಗಳಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ವಿಲಿಯಂ ಹಾರ್ಲೆ ಮತ್ತು ಡೇವಿಡ್‌ಸನ್ ಸೋದರರು ಸೈಕಲ್ಲಿಗಾಗಿಯೇ 116 ಸಿ.ಸಿ. ಎಂಜಿನ್ ತಯಾರಿಸಿದರು. 1903ರಲ್ಲಿ ಅದನ್ನು ಓಡಿಸಿ ನೋಡಿದಾಗ ಊರಿನ ದಿಣ್ಣೆಗಳನ್ನು ಪೆಡಲ್ ತುಳಿಯದೆ ಹತ್ತಲು ಆಗಲಿಲ್ಲ. ಅದನ್ನು ಬದಿಗಿಟ್ಟು, ದೊಡ್ಡ ಎಂಜಿನ್ನಿಗೆ ತಕ್ಕ ಬೇರೆಯೇ ಚೌಕಟ್ಟು ಕಟ್ಟಿದರು. ಹಾರ್ಲೆ-ಡೇವಿಡ್‌ಸನ್ ಹುಟ್ಟಿದ್ದು ಹೀಗೆ, ಸೈಕಲ್ಲನ್ನು ಕೈಬಿಟ್ಟ ಮೇಲೆ.

ಶ್ರೀಮಂತ ದೇಶದಲ್ಲಿ ಹೀಗೆ ಕೈಬಿಡಬಹುದು. ಸೈಕಲ್ಲು ಬಿಟ್ಟರೆ ಬೇರೇನೂ ಇಲ್ಲದ ಊರಿನಲ್ಲಿ?

ಖಾಲಿ ಹೊಟ್ಟೆಯ ಊರು

ಜಪಾನಿನ ಟೋಕಿಯೊ ಮತ್ತು ಒಸಾಕಾ ನಗರಗಳ ನಡುವಿನ ಹಾದಿಯಲ್ಲಿ ಹಮಮಾತ್ಸು ಎಂಬ ಊರಿದೆ. ಮಗ್ಗಗಳಿಗೂ ವಾದ್ಯಗಳಿಗೂ ಹೆಸರಾದ ಊರು. ಸುಜುಕಿ ಕಂಪನಿ 1909ರಲ್ಲಿ ಮಗ್ಗದ ಕಾರ್ಖಾನೆಯಾಗಿ ಶುರುವಾದದ್ದು ಇಲ್ಲಿ. ಯಮಹಾ ಆರ್ಗನ್ ವಾದ್ಯಗಳನ್ನು ಮಾಡತೊಡಗಿದ್ದೂ ಇಲ್ಲಿಯೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳು ಸುರಿಸಿದ ಬಾಂಬಿಗೂ ಯುದ್ಧನೌಕೆಗಳ ಫಿರಂಗಿಗೂ ಸಿಕ್ಕಿ ಊರು ಬೂದಿಯಾಗಿತ್ತು.

ಯುದ್ಧ ಮುಗಿದರೂ ಜನರ ಕಷ್ಟ ಮುಗಿಯಲಿಲ್ಲ. ರೇಷನ್ ಅಕ್ಕಿ ಸಾಲುತ್ತಿರಲಿಲ್ಲ. ನಗರದ ಹೆಂಗಸರು ಹಳ್ಳಿಗಳಿಗೆ ಹೋಗಿ, ಬೀರುವಿನಲ್ಲಿದ್ದ ಕಿಮೋನೊ ಕೊಟ್ಟು ಗೆಣಸೋ ಅಕ್ಕಿಯೋ ತರುತ್ತಿದ್ದರು. ರೈಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ಸು ಓಡಿಸಲು ಪೆಟ್ರೋಲ್ ಇರಲಿಲ್ಲ. ಉಳಿದದ್ದು ಸೈಕಲ್ಲು. ಅದರ ಹಿಂದೆ ಮೂಟೆ ಕಟ್ಟಿಕೊಂಡು ಮೈಲಿಗಟ್ಟಲೆ ತುಳಿಯಬೇಕು. ಅರೆಹೊಟ್ಟೆಯಲ್ಲಿರುವವರು ಊಟ ತರಲು ತಮ್ಮಲ್ಲಿದ್ದ ಅಷ್ಟಿಷ್ಟು ಶಕ್ತಿಯನ್ನೂ ಪೆಡಲ್ ಮೇಲೆ ಖರ್ಚು ಮಾಡಬೇಕಾದ ಸ್ಥಿತಿ ಅದು.

ಆ ಊರಿನಲ್ಲಿ ಸೊಯಿಚಿರೊ ಹೋಂಡಾ ಎಂಬ ನಲವತ್ತರ ಆಸುಪಾಸಿನ ಮೆಕ್ಯಾನಿಕ್ ಕೆಲಸವಿಲ್ಲದೆ ಕುಳಿತಿದ್ದ. 1906ರಲ್ಲಿ ಅಲ್ಲೇ ಸಮೀಪದ ಹಳ್ಳಿಯಲ್ಲಿ ಹುಟ್ಟಿದವನು. ಅಪ್ಪ ಕಮ್ಮಾರ, ಆಮೇಲೆ ಸೈಕಲ್ ರಿಪೇರಿಗೂ ಇಳಿದವನು. ಹದಿನೈದರ ಪ್ರಾಯದಲ್ಲಿ ಹೋಂಡಾ ಟೋಕಿಯೊದ ಮೋಟಾರು ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದ. 1928ರಲ್ಲಿ ಊರಿಗೆ ಮರಳಿ ಅದೇ ಗ್ಯಾರೇಜಿನ ಶಾಖೆ ತೆರೆದ. ಆಮೇಲೆ ಎಂಜಿನ್ನಿನ ಪಿಸ್ಟನ್ ರಿಂಗ್ ಮಾಡುವ ಕಾರ್ಖಾನೆ ನಡೆಸಿದ. 1945ರ ಜನವರಿಯ ಭೂಕಂಪ ಆ ಕಾರ್ಖಾನೆಯನ್ನು ನೆಲಕ್ಕುರುಳಿಸಿತು. ಉಳಿದದ್ದನ್ನು ಟೊಯೋಟಾ ಕಂಪನಿಗೆ 4,50,000 ಯೆನ್‌ಗೆ ಮಾರಿ, ಒಂದು ವರ್ಷ ಏನೂ ಮಾಡುವುದಿಲ್ಲವೆಂದು ಸಾರಿ ಮನೆಯಲ್ಲಿ ಕುಳಿತ. 1946ರಲ್ಲಿ ಸಣ್ಣ ಮರದ ಶೆಡ್ಡೊಂದರಲ್ಲಿ ‘ಹೋಂಡಾ ತಾಂತ್ರಿಕ ಸಂಶೋಧನಾ ಸಂಸ್ಥೆ’ ಎಂಬ ದೊಡ್ಡ ಹೆಸರಿನ ಬೋರ್ಡು ಹಾಕಿದ. ಹೊಸ ಬಗೆಯ ಮಗ್ಗ ಮಾಡುವ ಯೋಚನೆ ಮೊದಲಿತ್ತು. ಬಂಡವಾಳ ಸಾಲದೆ ಅದು ಅಲ್ಲಿಗೇ ನಿಂತಿತು.

ಗೆಳೆಯನ ಮನೆಯಲ್ಲಿ ಸಿಕ್ಕ ಎಂಜಿನ್

ಒಂದು ದಿನ ಹೋಂಡಾನ ಕಣ್ಣಿಗೆ ಗೆಳೆಯನ ಮನೆಯಲ್ಲಿದ್ದ ಪುಟ್ಟ ಎಂಜಿನ್ನೊಂದು ಬಿತ್ತು. ಅದು ಜಪಾನಿ ಸೈನ್ಯದ ನಿಸ್ತಂತು ಯಂತ್ರಗಳಿಗೆ ವಿದ್ಯುತ್ ಒದಗಿಸಲು ಮಾಡಿದ್ದ ಜನರೇಟರಿನ ಎಂಜಿನ್. ಸಾಮರ್ಥ್ಯ ಸುಮಾರು 50 ಸಿ.ಸಿ. ಅಂದರೆ ಒಳಗೆ ಪಿಸ್ಟನ್ ಆಡುವ ಜಾಗ ಒಂದು ಸಣ್ಣ ಟೀ ಲೋಟಕ್ಕಿಂತ ಹೆಚ್ಚಿಲ್ಲ. ಸೈನ್ಯ ಬರಖಾಸ್ತಾಗಿತ್ತು. ಇಂಥ ಎಂಜಿನ್ನುಗಳು ಕೇಳುವವರಿಲ್ಲದೆ ಬಿದ್ದಿದ್ದವು.

ಇದನ್ನು ಸೈಕಲ್ಲಿಗೆ ಕಟ್ಟಿದರೆ ಹೇಗೆ?

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಮನುಷ್ಯ ಗಂಟೆಗಟ್ಟಲೆ ಸೈಕಲ್ ತುಳಿದರೆ ಅವನಿಂದ ಸತತವಾಗಿ ಸಿಗುವ ಶಕ್ತಿ 75ರಿಂದ 100 ವಾಟ್. ಅರ್ಧ ಅಶ್ವಶಕ್ತಿ ಎಂದರೆ ಸುಮಾರು 370 ವಾಟ್. ಟೀ ಲೋಟದಷ್ಟು ಜಾಗದಿಂದ ಅಷ್ಟು ಶಕ್ತಿ ಬಂದರೂ ಸಾಕು, ನಾಲ್ಕು ಜನ ದಣಿವಿಲ್ಲದೆ ಪೆಡಲ್ ತುಳಿದಂತಾಯಿತು. ಕಾರಿಗೆ ಇದು ಏನೂ ಅಲ್ಲ. ಅಕ್ಕಿ ಮೂಟೆ ಹೊತ್ತ ಸೈಕಲ್ಲಿಗೆ ಇದು ಧಾರಾಳ.

ಎಲ್ಲಿ ಕೂರಿಸುವುದು?

ಎಂಜಿನ್ ಸಿಕ್ಕಿತು, ಸೈಕಲ್ಲೂ ಇತ್ತು. ಕಷ್ಟವಿದ್ದದ್ದು ಎರಡನ್ನೂ ಕೂಡಿಸುವುದರಲ್ಲಿ.

ಸೈಕಲ್ಲಿನ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 2 ಮೀಟರ್ ದೂರ ಸಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗವೆಂದರೆ ನಿಮಿಷಕ್ಕೆ 500 ಮೀಟರ್. ಅಂದರೆ ಚಕ್ರ ನಿಮಿಷಕ್ಕೆ 250 ಸುತ್ತು ತಿರುಗಬೇಕು. ಇಂಥ ಸಣ್ಣ ಎಂಜಿನ್ ನಿಮಿಷಕ್ಕೆ ಮೂರು ನಾಲ್ಕು ಸಾವಿರ ಸುತ್ತು ತಿರುಗಿದರೆ ಮಾತ್ರ ಸರಿಯಾಗಿ ದುಡಿಯುತ್ತದೆ. ಎಂಜಿನ್ ಹದಿನೈದು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುವಂತೆ ನಡುವೆ ಏನಾದರೂ ಏರ್ಪಾಡು ಬೇಕು. ಅದು ಹಗುರವಾಗಿರಬೇಕು, ಅಗ್ಗವಾಗಿರಬೇಕು, ಸೈಕಲ್ ಅಂಗಡಿಯವನು ರಿಪೇರಿ ಮಾಡುವಂತಿರಬೇಕು.

ಇದಕ್ಕೆ ಅತಿ ಸುಲಭದ ಉಪಾಯ, ಎಂಜಿನ್ನಿನ ತುದಿಗೆ ಪುಟ್ಟ ಉರುಳೆ ಹಾಕಿ ಅದನ್ನು ನೇರವಾಗಿ ಟೈರಿಗೆ ಒತ್ತುವುದು. 2 ಅಂಗುಲದ ಉರುಳೆ 26 ಅಂಗುಲದ ಚಕ್ರವನ್ನು ತಿಕ್ಕಿ ತಿರುಗಿಸಿದರೆ ಹದಿಮೂರಕ್ಕೆ ಒಂದರ ಲೆಕ್ಕ ತಾನಾಗಿಯೇ ಸಿಗುತ್ತದೆ. ಗೇರು, ಚೈನು ಯಾವುದೂ ಬೇಡ. ಹೋಂಡಾ ಮೊದಲು ಹೀಗೆಯೇ ಮಾಡಿದ. ಎಂಜಿನ್ನನ್ನು ಮುಂಭಾಗದಲ್ಲಿ ಕೂರಿಸಿ ಮುಂದಿನ ಟೈರನ್ನು ಉರುಳೆಯಿಂದ ತಿರುಗಿಸಿದ. ಪೆಟ್ರೋಲ್ ತುಂಬಲು ಟ್ಯಾಂಕ್ ಇರಲಿಲ್ಲ. ಮನೆಯಲ್ಲಿ ಚಳಿಗಾಲದ ರಾತ್ರಿ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬಿಡುವ ಪಾತ್ರೆಯೊಂದಿತ್ತು. ಅದೇ ಟ್ಯಾಂಕ್ ಆಯಿತು!

ಗಾಡಿ ಓಡಿತು. ಆದರೆ ಯುದ್ಧಕಾಲದ ಕಳಪೆ ರಬ್ಬರಿನ ಟೈರುಗಳು ಉರುಳೆಯ ತಿಕ್ಕಾಟವನ್ನು ತಾಳಲಿಲ್ಲ. ಟೈರೇ ಸಿಗದ ದಿನಗಳಲ್ಲಿ ಟೈರು ತಿನ್ನುವ ಗಾಡಿಯನ್ನು ಯಾರು ತಾನೆ ಸಾಕಿಯಾರು? ಹೋಂಡಾ ಎಂಜಿನ್ನನ್ನು ಅಲ್ಲಿಂದ ತೆಗೆದು ಸೈಕಲ್ಲಿನ ಚೌಕಟ್ಟಿನ ನಡುವೆ ಕೂರಿಸಿ, ಬೆಲ್ಟಿನ ಮೂಲಕ ಹಿಂಚಕ್ರವನ್ನು ತಿರುಗಿಸಿದ. ವರ್ನರ್ ಸೋದರರು ನಲವತ್ತೈದು ವರ್ಷಗಳ ಹಿಂದೆ ಮುಂಚಕ್ರ ಬಿಟ್ಟು ಹಿಡಿದಿದ್ದ ಹಾದಿಗೆ ಹೋಂಡಾ ಕೂಡ ತನ್ನದೇ ಪೆಟ್ಟು ತಿಂದು ಬಂದ.

ಬೆಲ್ಟಿನಲ್ಲಿ ಇನ್ನೊಂದು ಅನುಕೂಲವಿದೆ. ಅದನ್ನು ಬಿಗಿ ಮಾಡಿದರೆ ಚಕ್ರ ತಿರುಗುತ್ತದೆ. ಸಡಿಲ ಬಿಟ್ಟರೆ ಎಂಜಿನ್ ಮಾತ್ರ ತಿರುಗುತ್ತದೆ, ಗಾಡಿ ನಿಲ್ಲುತ್ತದೆ. ನಮ್ಮ ಹಿಟ್ಟಿನ ಗಿರಣಿಗಳಲ್ಲಿ ಬೆಲ್ಟಿನ ಮೇಲೆ ನಡೆಯುವ ಯಂತ್ರಗಳನ್ನು ನೋಡಿದವರಿಗೆ ಇದು ಹೊಸತಲ್ಲ. ಪ್ರತ್ಯೇಕ ಕ್ಲಚ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಮೊದಲ ಪರೀಕ್ಷೆ ಹೆಂಡತಿಯದು

ಗಾಡಿ ಸಿದ್ಧವಾದಾಗ ಹೋಂಡಾ ಅದನ್ನು ಓಡಿಸಲು ಕೊಟ್ಟದ್ದು ಹೆಂಡತಿ ಸಾಚಿಗೆ. ಆಹಾರ ಹುಡುಕಿಕೊಂಡು ಸೈಕಲ್ ತುಳಿಯುತ್ತಿದ್ದವರಲ್ಲಿ ಆಕೆಯೂ ಒಬ್ಬಳು. ಹೆಂಡತಿಯ ಕಷ್ಟ ನೋಡಲಾರದೆ ಹೋಂಡಾ ಇದನ್ನು ಮಾಡಿದನೆಂಬ ಮಾತು ಜನಜನಿತವಾಗಿದೆ. ಸಾಚಿ ಮುಂದೆ ನೆನೆಸಿಕೊಂಡಂತೆ ಅದರಲ್ಲಿ ಇನ್ನೊಂದು ಉದ್ದೇಶವೂ ಇತ್ತು: ಹೆಂಗಸರೂ ಸರಾಗವಾಗಿ ಓಡಿಸಬಲ್ಲರೇ ಎಂದು ನೋಡುವುದು. ಅದಕ್ಕಾಗಿ ಆಕೆ ಜನ ಓಡಾಡುವ ಬೀದಿಗಳಲ್ಲೇ ಸವಾರಿ ಮಾಡಬೇಕಾಯಿತು. ಇರುವುದರಲ್ಲಿ ಒಳ್ಳೆಯ ‘ಮೊಂಪೆ’ - ಆಗ ಹೆಂಗಸರು ತೊಡುತ್ತಿದ್ದ ದೊಗಲೆ ಪೈಜಾಮ - ತೊಟ್ಟು ಆಕೆ ಹೊರಟಳು.

ಮನೆಗೆ ಬಂದು ನೋಡಿದರೆ ಮೊಂಪೆ ತುಂಬ ಎಣ್ಣೆ ಕಲೆ! ಹೀಗಾದರೆ ಕೊಳ್ಳುವವರು ಬೈಯುತ್ತಾರೆಂದು ಸಾಚಿ ಗಂಡನಿಗೆ ನೇರವಾಗಿಯೇ ಹೇಳಿದಳು. ಸಾಮಾನ್ಯವಾಗಿ ಇಂಥ ಮಾತಿಗೆ ಸಿಡಿಮಿಡಿಗೊಳ್ಳುತ್ತಿದ್ದ ಹೋಂಡಾ ಅಂದು ತಲೆಯಾಡಿಸಿ ಒಪ್ಪಿಕೊಂಡನಂತೆ. ಕಾರ್ಬ್ಯುರೇಟರಿನಿಂದ ಹಿಮ್ಮುಖವಾಗಿ ಚಿಮ್ಮುತ್ತಿದ್ದ ಎಣ್ಣೆ ಬೆರೆತ ಪೆಟ್ರೋಲನ್ನು ತಡೆಯುವ ಕೆಲಸ ಆಮೇಲೆ ನಡೆಯಿತು. ಈ ಕತೆಯಲ್ಲಿ ಸಾಚಿಯ ಪಾಲು ದೊಡ್ಡದು. ಗಾಡಿಯ ಮೇಲೆ ಕೂರುವವರು ಏನು ತೊಡುತ್ತಾರೆ, ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು ಶೆಡ್ಡಿನೊಳಗೆ ತಂದವಳು ಆಕೆ.

ಪೈನ್ ಬೇರಿನ ಎಣ್ಣೆ

ಇನ್ನು ಇಂಧನದ ಪಾಡು. ಪೆಟ್ರೋಲ್ ರೇಷನ್ನಿನಲ್ಲಿತ್ತು; ಕಾಳಸಂತೆಯಲ್ಲಿ ದುಬಾರಿ. ಯುದ್ಧದ ಕೊನೆಯ ದಿನಗಳಲ್ಲಿ ವಿಮಾನಗಳಿಗೂ ಇಂಧನ ಸಾಲದೆ ಜಪಾನ್ ಸರಕಾರ ಹಳ್ಳಿಹಳ್ಳಿಗಳಲ್ಲಿ ಪೈನ್ ಮರದ ಬೇರು ಅಗೆಸಿ ಎಣ್ಣೆ ತೆಗೆಸಿತ್ತು. ಹೋಂಡಾ ಈ ಪೈನ್ ಎಣ್ಣೆಯನ್ನೇ ಪೆಟ್ರೋಲಿಗೆ ಬೆರೆಸಿದ. ಶುರು ಮಾಡಲು ತುಂಬ ಹೊತ್ತು ಪೆಡಲ್ ತುಳಿಯಬೇಕಿತ್ತು. ಹೊಗೆ ಯಥೇಚ್ಛ, ಜೊತೆಗೆ ಟರ್ಪೆಂಟೈನಿನ ಗಾಢ ವಾಸನೆ. ಆದರೂ ಗಾಡಿ ಓಡುತ್ತಿತ್ತು.

ಸುದ್ದಿ ಹರಡಿತು. ನಗೋಯ, ಒಸಾಕಾಗಳಿಂದಲೂ ವ್ಯಾಪಾರಿಗಳು ಶೆಡ್ಡಿಗೆ ಬಂದರು. ಸೈನ್ಯದ ಎಂಜಿನ್ನುಗಳು ಸಿಕ್ಕಿದ್ದು ಸುಮಾರು 500. ಅವನ್ನೆಲ್ಲ ಬಿಚ್ಚಿ, ತೊಳೆದು, ಸೈಕಲ್ಲಿಗೆ ತಕ್ಕಂತೆ ತಿದ್ದಿ ಮಾರಿದ್ದಾಯಿತು. ದಾಸ್ತಾನು ಮುಗಿಯಿತು, ಗಿರಾಕಿಗಳು ಮುಗಿಯಲಿಲ್ಲ.

ಗುಜರಿ ಸಾಮಾನು ನಂಬಿ ಕುಳಿತ ಅನೇಕರು ಇಂಥ ಹೊತ್ತಿನಲ್ಲಿ ಅಂಗಡಿ ಮುಚ್ಚುತ್ತಾರೆ. ಹೋಂಡಾ ತನ್ನದೇ ಎಂಜಿನ್ ಮಾಡಲು ಹೊರಟ. ಮೊದಲ ಪ್ರಯತ್ನದಲ್ಲಿ ಸಿಲಿಂಡರಿನ ಮೇಲ್ಭಾಗ ಕೊಳವೆಯಂತೆ ಉದ್ದಕ್ಕೆ ಚಾಚಿಕೊಂಡಿತ್ತು. ‘ಹೊಗೆ ಕೊಳವೆ’ ಎಂದು ಅಡ್ಡಹೆಸರು ಪಡೆದ ಆ ಎಂಜಿನ್ ಮಾರುಕಟ್ಟೆಗೆ ಬರಲಿಲ್ಲ. 1947ರಲ್ಲಿ ಸರಳವಾದ ‘ಎ-ಟೈಪ್’ ಬಂತು. ಅದೂ 50 ಸಿ.ಸಿ.ಯದೇ. ಹೋಂಡಾ ಹೆಸರು ಹೊತ್ತು ಮಾರಾಟವಾದ ಮೊದಲ ಸರಕು ಅದು. 1948ರ ಸೆಪ್ಟೆಂಬರಿನಲ್ಲಿ 10 ಲಕ್ಷ ಯೆನ್ ಬಂಡವಾಳ, 34 ಕೆಲಸಗಾರರೊಂದಿಗೆ ಹೋಂಡಾ ಮೋಟಾರ್ ಕಂಪನಿ ನೋಂದಣಿಯಾಯಿತು.

ಸೈಕಲ್ಲು ಸೋತಾಗ

ಎಂಜಿನ್ ಸುಧಾರಿಸಿದಂತೆ ಹೊಸ ಸಮಸ್ಯೆ ಎದುರಾಗುವುದು ಸಹಜ. ಸೈಕಲ್ಲಿನ ಚೌಕಟ್ಟು, ಕಡ್ಡಿ, ಬ್ರೇಕುಗಳನ್ನು ಲೆಕ್ಕ ಹಾಕಿ ಮಾಡಿರುವುದು ಮನುಷ್ಯನ ಕಾಲಿನ ಬಲಕ್ಕೆ. ಗಂಟೆಗೆ 15 ಕಿಲೋಮೀಟರಿನಲ್ಲಿ ಹೋಗುವ ಸೈಕಲ್ಲು 30ರಲ್ಲಿ ಹೋದರೆ ವೇಗ ಎರಡು ಪಟ್ಟಾಗುತ್ತದೆ. ಬ್ರೇಕು ತಡೆಯಬೇಕಾದ ಶಕ್ತಿ ಮಾತ್ರ ನಾಲ್ಕು ಪಟ್ಟಾಗುತ್ತದೆ. 45ರಲ್ಲಿ ಹೋದರೆ ಒಂಬತ್ತು ಪಟ್ಟು! ಜೊತೆಗೆ ಎಂಜಿನ್ನಿನ ನಡುಕ ಬೇರೆ. ಬೆಸುಗೆ ಬಿಡುವುದು, ಫೋರ್ಕ್ ಬಾಗುವುದು, ಕಡ್ಡಿ ಮುರಿಯುವುದು - ಸೈಕಲ್ಲಿಗೆ ಎಂಜಿನ್ ಕಟ್ಟಿದ ಎಲ್ಲ ದೇಶಗಳ ಕುಶಲಿಗಳೂ ಇವನ್ನು ಕಂಡವರೇ.

ಇಲ್ಲಿ ಎರಡು ದಾರಿಗಳಿವೆ. ಒಂದು, ಎಂಜಿನ್ ಸಣ್ಣದಾಗಿಯೇ ಉಳಿದು ಸೈಕಲ್ಲಿನ ಮಿತಿಯೊಳಗೆ ಬಾಳುವುದು. ಇನ್ನೊಂದು, ಸೈಕಲ್ಲನ್ನು ಬಿಟ್ಟು ಎಂಜಿನ್ನಿಗೆ ತಕ್ಕ ಮೈಯನ್ನು ಕಟ್ಟುವುದು. ಹೋಂಡಾ ಎರಡೂ ದಾರಿಗಳಲ್ಲಿ ನಡೆದದ್ದು ವಿಶೇಷ.

1949ರಲ್ಲಿ ಬಂದ 98 ಸಿ.ಸಿ.ಯ ‘ಡ್ರೀಮ್’ ಗಾಡಿಗೆ ಒತ್ತಿ ರೂಪಿಸಿದ ಉಕ್ಕಿನ ತಗಡಿನ ಗಟ್ಟಿ ಚೌಕಟ್ಟಿತ್ತು. ಎಂಜಿನ್ನೂ ಚೌಕಟ್ಟೂ ಹೋಂಡಾದ್ದೇ. ಅದು ಪೂರ್ಣ ಪ್ರಮಾಣದ ಮೋಟಾರ್ ಸೈಕಲ್. ಅದೇ ವರ್ಷ ತಾಕೆಯೊ ಫುಜಿಸಾವಾ ಎಂಬ ಚಾಣಾಕ್ಷ ವ್ಯಾಪಾರಿ ಕಂಪನಿಗೆ ಸೇರಿದ. ಹೋಂಡಾ ಯಂತ್ರ ನೋಡಿಕೊಂಡರೆ ಫುಜಿಸಾವಾ ದುಡ್ಡು ಮತ್ತು ಮಾರಾಟ ನೋಡಿಕೊಂಡ.

ಐವತ್ತು ಸಾವಿರ ಕಾಗದ

1952ರಲ್ಲಿ ಕಂಪನಿ ಮತ್ತೆ ಸೈಕಲ್ಲಿನತ್ತ ತಿರುಗಿತು. ‘ಕಬ್ ಎಫ್-ಟೈಪ್’ ಎಂಬ ಬಿಳಿ ಟ್ಯಾಂಕಿನ, ಕೆಂಪು ಎಂಜಿನ್ನಿನ ಪುಟ್ಟ ಜೋಡಣೆ ಅದು. ಎಂಜಿನ್ನಿನ ತೂಕ ಸುಮಾರು 6 ಕಿಲೋ. ಶಕ್ತಿ 1 ಅಶ್ವಶಕ್ತಿ. ಅದು ಕೂರುತ್ತಿದ್ದದ್ದು ಹಿಂಚಕ್ರದ ಪಕ್ಕದಲ್ಲಿ, ಕೆಳಗೆ. ಅಂದರೆ ಸವಾರರ ಬಟ್ಟೆಯಿಂದ ಆದಷ್ಟು ದೂರ! ಸಾಚಿಯ ಮೊಂಪೆಯ ಕಲೆಗೆ ಕೊನೆಗೂ ಪೂರ್ತಿ ಪರಿಹಾರ ಸಿಕ್ಕಿತ್ತು.

ಇದನ್ನು ಮಾರುವವರು ಯಾರು? ದೇಶದಲ್ಲಿ ಮೋಟಾರ್ ಸೈಕಲ್ ಮಾರುವ ಅಂಗಡಿಗಳು ಬೆರಳೆಣಿಕೆಯಷ್ಟು. ಸೈಕಲ್ ಅಂಗಡಿಗಳೋ 50 ಸಾವಿರಕ್ಕೂ ಹೆಚ್ಚು. ಫುಜಿಸಾವಾ ಅಷ್ಟೂ ಅಂಗಡಿಗಳಿಗೆ ಅಂಚೆಯಲ್ಲಿ ಕಾಗದ ಬರೆಸಿದ. ನಿಮ್ಮ ಹಿರಿಯರು ಒಂದು ಕಾಲದಲ್ಲಿ ಧೈರ್ಯ ಮಾಡಿ ವಿದೇಶಿ ಸೈಕಲ್ ಮಾರಲು ಇಳಿದರು. ಈಗ ಗಿರಾಕಿಗಳು ಕೇಳುತ್ತಿರುವುದು ಎಂಜಿನ್ ಇರುವ ಸೈಕಲ್, ನೀವು ಇಳಿಯುತ್ತೀರಾ ಎಂಬುದು ಆ ಕಾಗದದ ತಿರುಳು. ಸುಮಾರು 30 ಸಾವಿರ ಅಂಗಡಿಗಳು ಆಸಕ್ತಿ ತೋರಿ ಉತ್ತರಿಸಿದವು. ರಟ್ಟಿನ ಪೆಟ್ಟಿಗೆಯಲ್ಲಿ ಎಂಜಿನ್ ಊರೂರಿಗೆ ಹೋಯಿತು. ಪಂಕ್ಚರ್ ಹಾಕುತ್ತಿದ್ದ ಕೈಗಳೇ ಅದನ್ನು ಸೈಕಲ್ಲಿಗೆ ಜೋಡಿಸಿದವು.

ಈ ಕಾಗದಕ್ಕೆ ಬರಿಯ ವ್ಯಾಪಾರದ ಜಾಣ್ಮೆಯಷ್ಟೇ ಅರ್ಥವಲ್ಲ. ಹೊಸ ಯಂತ್ರ ಬಂದಾಗ ಹಳೆಯ ಕಸುಬಿನವರು ಬೀದಿಗೆ ಬೀಳುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಇಲ್ಲಿ ಸಾವಿರಾರು ಸೈಕಲ್ ಅಂಗಡಿಯವರು ತಮ್ಮ ಅಂಗಡಿಯಲ್ಲೇ ಕುಳಿತು ಹೊಸ ಕಾಲಕ್ಕೆ ದಾಟಿದರು.

ಅದೇ ವರ್ಷ ಅದೇ ಹಮಮಾತ್ಸುವಿನ ಸುಜುಕಿ ಮಗ್ಗದ ಕಂಪನಿ 36 ಸಿ.ಸಿ.ಯ ‘ಪವರ್ ಫ್ರೀ’ ಎಂಬ ಸೈಕಲ್ ಎಂಜಿನ್ ತಂದಿತು. ಕಾಲಿನಿಂದ ಮಾತ್ರ, ಎಂಜಿನ್ನಿನಿಂದ ಮಾತ್ರ, ಇಲ್ಲವೇ ಎರಡರಿಂದಲೂ ಓಡಿಸಬಹುದಾದ ಹಲ್ಲುಚಕ್ರದ ಏರ್ಪಾಡು ಅದರಲ್ಲಿತ್ತು. ಸರಕಾರವೂ 1952ರಲ್ಲಿ ನಿಯಮ ಸಡಿಲಿಸಿ, ಇಂಥ ಸಣ್ಣ ಗಾಡಿಗಳಿಗೆ ಪರೀಕ್ಷೆಯಿಲ್ಲದೆ ಪರವಾನಗಿ ಕೊಟ್ಟಿತು. ಜಪಾನಿನ ಕಾನೂನಿನಲ್ಲಿ ಈ ವರ್ಗಕ್ಕೆ ಇಂದಿಗೂ ಇರುವ ಹೆಸರಿನ ಅರ್ಥ ‘ಎಂಜಿನ್ ಜೋಡಿಸಿದ ಸೈಕಲ್’ ಎಂದೇ.

1958ರ ‘ಸೂಪರ್ ಕಬ್’ನಲ್ಲಿ ಪೆಡಲ್ ಮಾಯವಾಯಿತು. ಸೀರೆಯಂಥ ಉಡುಗೆಯವರೂ ಹತ್ತಬಹುದಾದ ತಗ್ಗು ಚೌಕಟ್ಟು, ಕೈಯಲ್ಲಿ ಕ್ಲಚ್ ಹಿಡಿಯದೆ ಗೇರು ಬದಲಿಸುವ ಸೌಕರ್ಯ ಅದರಲ್ಲಿದ್ದವು. ಅದರ ವಂಶದ ಗಾಡಿಗಳ ಉತ್ಪಾದನೆ 2017ರಲ್ಲಿ 10 ಕೋಟಿ ದಾಟಿತು. ಬಿಸಿನೀರಿನ ಪಾತ್ರೆಯನ್ನು ಟ್ಯಾಂಕ್ ಮಾಡಿಕೊಂಡಿದ್ದ ಸೊಯಿಚಿರೊ ಹೋಂಡಾ 1991ರ ಆಗಸ್ಟ್ 5ರಂದು ತೀರಿಕೊಂಡ.

ಇಟಲಿ, ಫ್ರಾನ್ಸ್‌ಗಳಲ್ಲೂ ಇದೇ ಪಾಡು

ಇದು ಜಪಾನಿನ ಕತೆ ಮಾತ್ರವಲ್ಲ. ಇಟಲಿಯ ಬೊಲೋನ್ಯಾದಲ್ಲಿ ರೇಡಿಯೊ ಭಾಗಗಳನ್ನು ಮಾಡುತ್ತಿದ್ದ ಡುಕಾಟಿ ಕಾರ್ಖಾನೆ 1944ರಲ್ಲಿ ಬಾಂಬಿಗೆ ಸಿಕ್ಕಿತ್ತು. ಯುದ್ಧದ ನಂತರ ಅದನ್ನು ಬದುಕಿಸಿದ್ದು 48 ಸಿ.ಸಿ.ಯ ಸೈಕಲ್ ಎಂಜಿನ್. ಹೆಸರು ‘ಕುಚ್ಚೊಲೊ’, ಅಂದರೆ ನಾಯಿಮರಿ. ಅದರ ಸದ್ದು ಹಾಗಿತ್ತಂತೆ. ಇಂದು ಲಕ್ಷಾಂತರ ರೂಪಾಯಿಗೆ ಮಾರುವ ಡುಕಾಟಿ ಬೈಕುಗಳ ಮೂಲ ಈ ನಾಯಿಮರಿ. ಫ್ರಾನ್ಸಿನಲ್ಲಿ 1946ರಲ್ಲಿ ಮಾರಾಟಕ್ಕೆ ಬಂದ ‘ವೆಲೊಸೊಲೆಕ್ಸ್’ ಮುಂಚಕ್ರದ ಮೇಲೆ ಎಂಜಿನ್ ಕೂರಿಸಿ ಉರುಳೆಯಿಂದಲೇ ಟೈರು ತಿರುಗಿಸಿತು. ಹೋಂಡಾ ಕೈಬಿಟ್ಟ ಉಪಾಯ ಅಲ್ಲಿ ದಶಕಗಳ ಕಾಲ ಗೆದ್ದಿತು. ಒಳ್ಳೆಯ ಟೈರು ಸಿಗುವಲ್ಲಿ ಉರುಳೆಯೂ ಸಾಕಾಗುತ್ತದೆ. ಯಂತ್ರದ ಗುಣವನ್ನು ಅದರ ಸುತ್ತಲಿನ ಪರಿಸ್ಥಿತಿ ಬಿಟ್ಟು ತೂಗಲು ಬರುವುದಿಲ್ಲ.

ನಮ್ಮ ಬೀದಿಗೆ

ಭಾರತಕ್ಕೆ ಈ ಅಲೆ ತಡವಾಗಿ ಬಂತು. ತಿರುಪತಿಯಲ್ಲಿ ತಯಾರಾದ ‘ಸುವೇಗ’ 1960ರ ದಶಕದ್ದು. ಅದರ ಮೂಲ ಫ್ರಾನ್ಸ್. 1972ರಲ್ಲಿ ಪುಣೆಯ ಕೈನೆಟಿಕ್ ಕಂಪನಿ ಇಟಲಿಯ ಮಾದರಿಯೊಂದನ್ನು ಆಧರಿಸಿ ಲೂನಾ ತಂದಿತು. 1980ರಲ್ಲಿ ಬೆಂಗಳೂರಿನಿಂದ ಕೂಗಳತೆಯ ಹೊಸೂರಿನಲ್ಲಿ ‘ಟಿವಿಎಸ್ 50’ ಹುಟ್ಟಿತು. ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್ ಅದು. ಇಬ್ಬರ ಜಾಗದಲ್ಲಿ ನಮ್ಮವರು ಹಾಲಿನ ಕ್ಯಾನು, ಸೊಪ್ಪಿನ ಗಂಟು, ಗ್ಯಾಸ್ ಸಿಲಿಂಡರು, ಹುಲ್ಲಿನ ಹೊರೆ, ಕೋಳಿ ಬುಟ್ಟಿ ಎಲ್ಲವನ್ನೂ ಏರಿಸಿದರು. ಪೆಡಲ್ ಹೋಗಿದೆ, ಎಂಜಿನ್ ದೊಡ್ಡದಾಗಿದೆ. ಸಂತೆ ಬೀದಿಯಲ್ಲಿ ‘ಟಿವಿಎಸ್ ಗಾಡಿ’ಯ ದುಡಿಮೆ ನಿಂತಿಲ್ಲ.

ಸೈಕಲ್ ಮತ್ತು ಎಂಜಿನ್ನಿನ ನಂಟು ಇಲ್ಲಿಯೂ ಬೇರೊಂದು ರೂಪದಲ್ಲಿ ಮರುಕಳಿಸಿತು. 1956ರಿಂದ ಲೂಧಿಯಾನದಲ್ಲಿ ಸೈಕಲ್ ಮಾಡುತ್ತಿದ್ದ ಹೀರೊ ಸಮೂಹ 1984ರಲ್ಲಿ ಹೋಂಡಾ ಜೊತೆ ಕೈಜೋಡಿಸಿ ‘ಹೀರೊ ಹೋಂಡಾ’ ಆಯಿತು. ಆ ಪಾಲುದಾರಿಕೆ 2011ರ ಹೊತ್ತಿಗೆ ಮುಗಿಯಿತು. 2013ರಲ್ಲಿ ಹೋಂಡಾ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತನ್ನದೇ ದ್ವಿಚಕ್ರ ವಾಹನ ಕಾರ್ಖಾನೆ ತೆರೆಯಿತು. ಹಮಮಾತ್ಸುವಿನ ಮರದ ಶೆಡ್ಡಿನ ಕವಲು ನಮ್ಮ ರಾಗಿ ಹೊಲಗಳ ನಡುವಿಗೂ ಬಂದಿದೆ.

ಇಂದು ಮಾಡಬಹುದೆ?

ಓದುಗರಲ್ಲಿ ಕೆಲವರ ಕೈ ಈಗಾಗಲೇ ಮೂಲೆಯಲ್ಲಿರುವ ಸೈಕಲ್ಲಿನತ್ತ ಹೋಗಿರಬಹುದು! ಔಷಧ ಹೊಡೆಯುವ ಪಂಪಿನ ಎಂಜಿನ್ನನ್ನೋ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ನನ್ನೋ ಸೈಕಲ್ಲಿಗೆ ಕಟ್ಟುವ ಹುಡುಗರು ಇಂದಿಗೂ ಇದ್ದಾರೆ. ಅವರು ತಿಳಿದಿರಬೇಕಾದ ಎರಡು ಮಾತುಗಳಿವೆ. 1988ರ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಯ ಪ್ರಕಾರ, ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು ಎಂಜಿನ್ 25 ಸಿ.ಸಿ. ಮೀರದಿದ್ದರೆ ಅದು ‘ಮೋಟಾರು ವಾಹನ’ವಲ್ಲ. ಅದಕ್ಕಿಂತ ದೊಡ್ಡ ಎಂಜಿನ್ ಕಟ್ಟಿ ರಸ್ತೆಗಿಳಿದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲವೂ ಬೇಕು. ವಿದ್ಯುತ್ ಮೋಟಾರಿಗೂ ಇಂಥ ಮಿತಿಗಳಿವೆ: ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ಎರಡನೆಯ ಮಾತು ಬ್ರೇಕಿನದು. ಎಂಜಿನ್ ಕಟ್ಟುವ ಮೊದಲು ಬ್ರೇಕು, ಫೋರ್ಕು, ಕಡ್ಡಿ ನೋಡಿಕೊಳ್ಳದವರು 1897ರಿಂದ ಇಂದಿನವರೆಗೂ ಬಿದ್ದಿದ್ದಾರೆ.

ಈಗ ಪೆಟ್ರೋಲ್ ಹೋಗಿ ಬ್ಯಾಟರಿ ಬರುತ್ತಿರುವ ಕಾಲ. ವಿಚಿತ್ರವೆಂದರೆ ಬ್ಯಾಟರಿ ಸೈಕಲ್ಲಿನೊಡನೆ ಪೆಡಲ್ ಮತ್ತೆ ಬಂದಿದೆ. ಮೋಟಾರನ್ನು ಮುಂಚಕ್ರದಲ್ಲಿ ಕೂರಿಸುವುದೋ, ಹಿಂಚಕ್ರದಲ್ಲೋ, ನಡುವೆ ಪೆಡಲ್ ಬಳಿಯೋ ಎಂಬ ಚರ್ಚೆಯೂ ಮತ್ತೆ ಶುರುವಾಗಿದೆ. ವರ್ನರ್ ಸೋದರರು ಕೇಳಿಕೊಂಡದ್ದೂ, ಹೋಂಡಾ ಟೈರು ಸವೆಸಿ ಕಲಿತದ್ದೂ ಇದೇ ಪ್ರಶ್ನೆಯನ್ನು. ಉತ್ತರ ಸರಿಯಾಯಿತೇ ಎಂದು ಹೇಳುವ ಹಕ್ಕು ಮಾತ್ರ ಅಂದಿನಂತೆ ಇಂದೂ ಅದರ ಮೇಲೆ ಕುಳಿತು ದಿನಸಿ ತರುವವರದು. ಆ ದಿನ ಎಣ್ಣೆ ಕಲೆಯ ಮೊಂಪೆ ತೋರಿಸಿ ಸಾಚಿ ಚಲಾಯಿಸಿದ್ದು ಅದೇ ಹಕ್ಕನ್ನು.